ಮಠದ ಪದ, ನಾಗಿನ್ ಧಾಟಿ: ಗಂಗಾವತಿಯ ಒಂದು ಪ್ರಕರಣ

ಹುಡುಗರು ಬಂದಾಗ ನಾನು ಯಾರದೋ ಮದುವೆ ವಿಡಿಯೋಗೆ ಹಾಡು ಕೂಡಿಸುತ್ತಾ ಕೂತಿದ್ದೆ. ಇಬ್ಬರೇ ಇದ್ದರು, ಒಬ್ಬ ಕೀಬೋರ್ಡಿನವನು, ಇನ್ನೊಬ್ಬ ಪ್ಯಾಡ್ ಬಾರಿಸುವವನು. ಕೂತ್ಕೊಳ್ರೋ ಅಂದರೂ ಕೂರಲಿಲ್ಲ. ಫೋನು ನನ್ನ ಮೂಗಿನ ಹತ್ತಿರ ಹಿಡಿದು, "ಅಣ್ಣಾ, ನಮ್ಮ ಮಠದ ಹಾಡನ್ನ ಯಾರೋ ಕಂಪನಿಯವ್ರು ತಮ್ದು ಅನ್ನಾಕತ್ತಾರ ನೋಡ್ರಿ" ಅಂದರು.

ನನ್ನದು ಗಂಗಾವತಿಯಲ್ಲಿ ಸಣ್ಣ ರೆಕಾರ್ಡಿಂಗ್ ಅಂಗಡಿ. ಸ್ಟುಡಿಯೋ ಅಂತ ಬೋರ್ಡಿದೆ, ಒಳಗೆ ಹೋದರೆ ಒಂದು ರೂಮು, ಗೋಡೆಗೆ ಹೊಡೆದ ಸ್ಪಂಜು, ಎರಡು ಮೈಕು, ಅಷ್ಟೇ. ಇದೇ ಜಾಗದಲ್ಲಿ ಅಪ್ಪ ಕ್ಯಾಸೆಟ್ ಅಂಗಡಿ ಇಟ್ಟಿದ್ದ. ಜನ ಚೀಟಿಯಲ್ಲಿ ಹಾಡು ಬರೆದುಕೊಂಡು ಬರುತ್ತಿದ್ದರು, ಅಪ್ಪ ಖಾಲಿ ಕ್ಯಾಸೆಟ್ಟಿಗೆ ತುಂಬಿ ಕೊಡುತ್ತಿದ್ದ. ಅದು ಕಳ್ಳತನವೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದೆ ಈ ಮಾತು ಬರುತ್ತದೆ.

ಈ ಹುಡುಗರ ಭಜನಾ ಮೇಳ ಕನಕಗಿರಿ ಕಡೆಯ ಒಂದು ಹಳ್ಳಿಯದು. ಅಲ್ಲಿ ಒಂದು ಸಣ್ಣ ಮಠ, ಅಮಾವಾಸ್ಯೆಗೊಮ್ಮೆ ರಾತ್ರಿಯಿಡೀ ಭಜನೆ. ಪೇಟಿ ಅಂದರೆ ಹಾರ್ಮೋನಿಯಂ, ತಬಲಾ, ತಾಳ, ದಮ್ಮಡಿ, ಒಬ್ಬರ ಕೈಯಲ್ಲಿ ಏಕತಾರಿ. ಮುಖ್ಯ ಹಾಡುಗಾರ ಅಜ್ಜನಿಗೆ ಎಂಬತ್ತು ದಾಟಿದೆ. ಅಜ್ಜನ ದನಿ ಇರುವಾಗಲೇ ನಾಲ್ಕು ಪದ ರೆಕಾರ್ಡ್ ಮಾಡಿಟ್ಟುಕೊಳ್ಳೋಣ ಅಂತ ಮೊಮ್ಮಕ್ಕಳ ವಯಸ್ಸಿನ ಹುಡುಗರು ದುಡ್ಡು ಕೂಡಿಸಿ ನನ್ನಲ್ಲಿಗೆ ಕರೆದುಕೊಂಡು ಬಂದಿದ್ದರು. ಅದರಲ್ಲಿ ಒಂದು ಹಾವಿನ ಪದ. ತತ್ವಪದದಲ್ಲಿ ಹಾವು ಅಂದರೆ ಬೆನ್ನಹುರಿಯ ಬುಡದಲ್ಲಿ ಮಲಗಿರುವ ಕುಂಡಲಿನಿ ಅಂತ ಬಿಡಿಸಿ ಹೇಳಬೇಕಿಲ್ಲ, ಶಿಶುನಾಳ ಶರೀಫರೂ ಹಾವು ತುಳಿದ ಪದ ಹಾಡಿದ್ದಾರೆ. ಈ ಮಠದ ಪದ ಶುರುವಾಗುವುದು ಹೀಗೆ: "ಎದ್ದಾಡೋ, ಹಾವೇ ಎದ್ದಾಡೋ". ಅಜ್ಜ ಹಾಡಿದ ಹದಕ್ಕೆ ನಾನೇ ಕಣ್ಣು ಮುಚ್ಚಿ ಕೇಳಿದ್ದೆ. ನಿಧಾನ, ಎಲ್ಲೂ ಅವಸರ ಇಲ್ಲ, "ಹಾವೇ" ಅನ್ನುವಲ್ಲಿ ದನಿ ಸಣ್ಣಗೆ ನಡುಗುತ್ತದೆ.

ಹುಡುಗರು ಅದಕ್ಕೆ ಸ್ವಲ್ಪ ಕೀಬೋರ್ಡ್ ಹಾಕಿ, ಮಠದ ಫೋಟೋ ಕೂಡಿಸಿ, "ನಮ್ಮ ಮಠದ ಇನ್ನೂರು ವರ್ಷದ ಪುರಾತನ ಧಾಟಿ" ಅಂತ ಬರೆದು ಯೂಟ್ಯೂಬಿಗೆ ಏರಿಸಿದರು. ನಾಲ್ಕನೇ ದಿನಕ್ಕೆ ಕಾಪಿರೈಟ್ ನೋಟಿಸು.

ಬಂದದ್ದು ಸ್ಟ್ರೈಕ್ ಅಲ್ಲ, ಕ್ಲೈಮ್. ಈ ವ್ಯತ್ಯಾಸ ಗೊತ್ತಿಲ್ಲದೆ ಅರ್ಧ ಜನ ಸುಮ್ನೆ ಹೆದರುತ್ತಾರೆ. ಸ್ಟ್ರೈಕ್ ಬಂದರೆ ವಿಡಿಯೋ ಹೋಗುತ್ತದೆ, 90 ದಿನದೊಳಗೆ ಮೂರು ಬಂದರೆ ಚಾನೆಲ್ಲಿಗೇ ಕುತ್ತು. ಕ್ಲೈಮ್ ಬಂದರೆ ಸಾಮಾನ್ಯವಾಗಿ ವಿಡಿಯೋ ಅಲ್ಲೇ ಇರುತ್ತದೆ, ಜಾಹೀರಾತಿನ ದುಡ್ಡು ಮಾತ್ರ ಹಕ್ಕುದಾರರ ಕಡೆ ಹೋಗುತ್ತದೆ. ಇದನ್ನು ಮನುಷ್ಯರು ಕೂತು ಹುಡುಕುವುದಿಲ್ಲ. ಕಂಪನಿಗಳು ತಮ್ಮ ಹಾಡು ಕೊಟ್ಟಿರುತ್ತವೆ, ನಾವು ಏರಿಸಿದ್ದನ್ನು ಮಷೀನು ಅದರ ಜೊತೆ ತಾಳೆ ನೋಡುತ್ತದೆ. ಅದೇ ರೆಕಾರ್ಡಿಂಗ್ ಆಗಬೇಕೆಂದೂ ಇಲ್ಲ, ಬೇರೆಯವರು ಬೇರೆ ಮಾತಿನಲ್ಲಿ ಹಾಡಿದ್ದರೂ ಸ್ವರದ ನಡೆ ಒಂದೇ ಆಗಿದ್ದರೆ ಹಿಡಿಯುತ್ತದೆ. ಹುಡುಗರಿಗೆ ಬಂದದ್ದೂ ಇದೇ, ಟ್ಯೂನಿನ ಮೇಲಿನ ಕ್ಲೈಮ್. ಯಾವ ಹಾಡು ಅನ್ನುವುದನ್ನೂ ಇಂಗ್ಲಿಷಿನಲ್ಲಿ ಬರೆದಿತ್ತು. ಸಿಟ್ಟಿನಲ್ಲಿ ಅವರು ಆ ಸಾಲು ಓದಿರಲೇ ಇಲ್ಲ.

ನಾನು ಓದಿದೆ. ಓದಿ ನಗು ಬಂತು. ಆದರೆ ಹೇಳಲಿಲ್ಲ, ಮೊದಲು ಕೇಳಿಸೋಣ ಅಂದುಕೊಂಡೆ.

ಅಜ್ಜನ ದನಿಯ ಟ್ರ್ಯಾಕು ನನ್ನ ಹತ್ತಿರ ಬೇರೆಯೇ ಇತ್ತು. ಕೀಬೋರ್ಡು, ತಾಳ ಎಲ್ಲ ಮ್ಯೂಟ್ ಮಾಡಿ ಬರೀ ದನಿ ಇಟ್ಟುಕೊಂಡು, ಶ್ರುತಿ ಹಾಗೇ ಬಿಟ್ಟು ವೇಗ ಮಾತ್ರ ಏರಿಸುತ್ತಾ ಹೋದೆ. ಮೊದಲ ಸಲ ಏನೂ ಅನ್ನಿಸಲಿಲ್ಲ. ಇನ್ನಷ್ಟು ಏರಿಸಿದೆ. ಪ್ಯಾಡಿನ ಹುಡುಗನ ಬೆರಳು ತಾನಾಗಿಯೇ ಮೇಜಿನ ಮೇಲೆ ಆಡತೊಡಗಿತು. ಆಮೇಲೆ ನಿಂತಿತು. "ಅಣ್ಣಾ, ಇದು..." ಅಂದ. ನಾನು ಇನ್ನೊಂದು ಸ್ಪೀಕರಿನಲ್ಲಿ 1954ರ ಹಿಂದಿ ಸಿನಿಮಾ "ನಾಗಿನ್" ಹಾಡು ಬಿಟ್ಟೆ. "ಮನ ಡೋಲೇ, ಮೇರಾ ತನ ಡೋಲೇ." ಎದ್ದಾಡೋ, ಹಾವೇ ಎದ್ದಾಡೋ. ಹಾಡುವಾಗ ಅಳತೆಗೆ ಅಳತೆ ಕೂರುತ್ತದೆ.

ಈ ಹುಡುಗರು ಮದುವೆ ಮೆರವಣಿಗೆಯಲ್ಲಿ ನಾಗಿನ್ ಡ್ಯಾನ್ಸಿಗೆ ನೂರು ಸಲ ಬಾರಿಸಿದವರು. ಕರ್ಚೀಫ್ ಬಾಯಿಗೆ ಕಚ್ಚಿಕೊಂಡು ಹೆಡೆ ಆಡಿಸುವವರ ಮುಂದೆ ಬ್ಯಾಂಡಿನವರು ಊದುತ್ತಾರಲ್ಲ, ಅದು ಈ ಸಿನಿಮಾದ ಪುಂಗಿಯ ತುಣುಕೇ. ಮತ್ತೆ ಹೇಗೆ ಗುರುತಾಗಲಿಲ್ಲ? ಬ್ಯಾಂಡಿನವರು ನುಡಿಸುವುದು ಪುಂಗಿಯ ಭಾಗ ಮಾತ್ರ, ಲತಾ ಮಂಗೇಶ್ಕರ್ ಹಾಡಿದ ಸಾಲು ಈಗಿನವರ ಕಿವಿಯಲ್ಲಿ ಇಲ್ಲ. ಮಠದಲ್ಲಿ ಉಳಿದದ್ದು ಹಾಡಿದ ಸಾಲು, ಪುಂಗಿ ಇಲ್ಲ. ಹಾವಾಡಿಗ ಒಂದು ದಾರಿ ಹಿಡಿದ, ಹಾವು ಇನ್ನೊಂದು.

ಆ ಪುಂಗಿಯ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸಂಗೀತ ಹೇಮಂತ್ ಕುಮಾರ್ ಅವರದು, ಮಾತು ರಾಜೇಂದ್ರ ಕೃಷ್ಣ ಅವರದು. ಅದರಲ್ಲಿ ಕೇಳುವ ಪುಂಗಿ ಅಸಲಿಗೆ ಪುಂಗಿಯೇ ಅಲ್ಲ. ಆಗ ಹೇಮಂತ್ ಕುಮಾರ್ ಜೊತೆ ಕೆಲಸ ಮಾಡುತ್ತಿದ್ದ ಕಲ್ಯಾಣ್‌ಜಿ ಅವರು ಕ್ಲಾವಿಯೋಲಿನ್ ಅನ್ನುವ ವಿದ್ಯುತ್ ಕೀಬೋರ್ಡಿನಲ್ಲಿ ಆ ದನಿ ಹೊರಡಿಸಿದರು, ಜೊತೆಗೆ ಹಾರ್ಮೋನಿಯಂ ನುಡಿಸಿದ್ದು ರವಿ. ಇಬ್ಬರೂ ಮುಂದೆ ತಾವೇ ದೊಡ್ಡ ಸಂಗೀತ ನಿರ್ದೇಶಕರಾದರು. ನಾವು ಒರಿಜಿನಲ್ ಒರಿಜಿನಲ್ ಅನ್ನುವುದರ ಹೊಟ್ಟೆಯಲ್ಲೇ ಒಂದು ನಕಲು ಕೂತಿದೆ.

ಮುಂಬೈನ ಹಾಡು ಕನಕಗಿರಿ ಕಡೆಯ ಮಠಕ್ಕೆ ಬಂದದ್ದು ಹೇಗೆ? ಆಗಿನ ನಕ್ಷೆ ನೋಡಿದರೆ ಅಷ್ಟೇನೂ ದೂರ ಅನ್ನಿಸುವುದಿಲ್ಲ. 1954ರಲ್ಲಿ ಗಂಗಾವತಿ, ಕೊಪ್ಪಳ ಎಲ್ಲ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ನದಿ ದಾಟಿದರೆ ಬಳ್ಳಾರಿ, ಹೊಸಪೇಟೆ, ಅವು 1953ರವರೆಗೆ ಮದ್ರಾಸಿನಲ್ಲಿದ್ದವು. ಈ ದಂಡೆಯ ಹಿರಿಯರು ಶಾಲೆಯಲ್ಲಿ ಉರ್ದು ಕಲಿತವರು. ಮನ ಡೋಲೇ ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆಕಾಶವಾಣಿ ಆಗ ಸಿನಿಮಾ ಹಾಡನ್ನು ದೂರ ಇಟ್ಟಿತ್ತು, 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಅದು ಅಗ್ಗದ ಸರಕು ಅನ್ನಿಸಿತ್ತು. ಜನ ಸುಮ್ಮನಿರಲಿಲ್ಲ, ರೇಡಿಯೋ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. ಅದೇ ವರ್ಷದ ಕೊನೆಗೆ ಅಮೀನ್ ಸಯಾನಿ ಅವರ ಬಿನಾಕಾ ಗೀತಮಾಲಾ ಅಲ್ಲಿಂದ ಶುರುವಾಯಿತು. 1957ರಲ್ಲಿ ವಿವಿಧ ಭಾರತಿ ಬಂದ ಮೇಲೆ ನಮ್ಮ ರೇಡಿಯೋಗೂ ಬುದ್ಧಿ ಬಂತು. ಅದರ ಜೊತೆಗೆ ಟೂರಿಂಗ್ ಟಾಕೀಸು, ಜಾತ್ರೆಯ ಮೈಕ್‌ಸೆಟ್ಟು, ಹೋಟೆಲಿನ ಗ್ರಾಮಫೋನ್ ಪ್ಲೇಟು. ಒಂದು ಪ್ಲೇಟಿನ ಒಂದು ಬದಿಗೆ ಹೆಚ್ಚುಕಮ್ಮಿ ಮೂರು ನಿಮಿಷ. ಜಾತ್ರೆಯಲ್ಲಿ ಒಂದೇ ಪ್ಲೇಟು ಹಗಲಿಡೀ ಹಾಕಿದರೆ ಧಾಟಿ ಬಾಯಿಗೆ ಹತ್ತದೆ ಇನ್ನೇನಾಗುತ್ತದೆ.

ಮರುದಿನ ನಾನೇ ಹುಡುಗರ ಜೊತೆ ಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಒಂದೇ ಚಿಂತೆ, ಎಂಬತ್ತು ದಾಟಿದ ಮನುಷ್ಯನಿಗೆ ನಿಮ್ಮ ಮಠದ ಧಾಟಿ ಸಿನಿಮಾದ್ದು ಅಂತ ಹೇಗೆ ಹೇಳುವುದು. ಅಜ್ಜ ಕಟ್ಟೆಯ ಮೇಲೆ ಕೂತಿದ್ದ. ಸುತ್ತಿ ಬಳಸಿ ಒಂದಷ್ಟು ಮಾತಾಡಿ ಕೊನೆಗೆ ಫೋನಿನಲ್ಲಿ ಹಾಡು ಹಚ್ಚಿದೆ. ಅಜ್ಜ ಒಂದು ಸಾಲು ಕೇಳಿದ, ತಲೆ ಆಡಿಸಿದ, ಎರಡನೇ ಸಾಲಿಗೆ ತಾನೂ ದನಿ ಕೂಡಿಸಿದ.

"ಹೌದಲ್ಲೋ ತಮ್ಮಾ, ಇದs ಧಾಟಿ. ನಿಮಗ ಗೊತ್ತಿಲ್ಲೇನು?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜ ಒಳಗೆ ಹೋಗಿ ಒಂದು ಬಟ್ಟೆ ಗಂಟು ತಂದ. ಅದರೊಳಗೆ ಉದ್ದನೆಯ ಲೆಕ್ಕದ ಪುಸ್ತಕ. ಅಂಚು ಹುಳ ತಿಂದಿದೆ, ಮೊದಲ ಎಂಟು ಹಾಳೆಯಲ್ಲಿ ಯಾರಿಗೋ ಕೊಟ್ಟ ಜೋಳದ ಲೆಕ್ಕ, ಅಲ್ಲಿಂದ ಮುಂದೆ ಪದಗಳು. ಬರೆದದ್ದು ಅಜ್ಜನ ಗುರುಗಳು. ಪ್ರತಿ ಪದದ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ಸಾಲು. ಹಾವಿನ ಪದದ ಮೇಲೆ ಸ್ಪಷ್ಟವಾಗಿ ಇತ್ತು: "ಧಾಟಿ: ಮನ ಡೋಲೇ".

ಹಾಳೆ ತಿರುಗಿಸುತ್ತಾ ಹೋದೆ. ಯಾರೂ ದಿಕ್ಕಿಲ್ಲದ ಪರದೇಶಿ ನಾನು ಅನ್ನುವ ವೈರಾಗ್ಯದ ಪದ ಒಂದಿದೆ. ಅದರ ಮೇಲೆ "ಧಾಟಿ: ಆವಾರಾ ಹೂಂ". ಕಾಪಾಡೋ ಶಿವನೇ ಅನ್ನುವ ಪದಕ್ಕೆ "ಧಾಟಿ: ಓ ದುನಿಯಾ ಕೇ ರಖವಾಲೇ". ಆ ಗುರುಗಳು ಸಿಕ್ಕ ಟ್ಯೂನು ಹಾಕಿಕೊಂಡವರಲ್ಲ. ಅಲೆಮಾರಿಯ ಹಾಡಿಗೆ ಪರದೇಶಿ, ದೇವರನ್ನು ಕೂಗುವ ಹಾಡಿಗೆ ಶಿವ, ಹಾವಿನ ಸಿನಿಮಾಗೆ ಕುಂಡಲಿನಿ. ಎಷ್ಟು ಜನ ಸಂಗೀತ ನಿರ್ದೇಶಕರಿಗೆ ಇಷ್ಟು ತಲೆ ಇದೆ ಹೇಳಿ.

ಮೊದಲು ಪದದ ನಡುವೆ ಪೇಟಿಯಲ್ಲಿ ಪುಂಗಿ ತುಣುಕೂ ನುಡಿಸುತ್ತಿದ್ದರಂತೆ. ಮಠಕ್ಕೆ ಬಂದ ಹೊಸ ಸ್ವಾಮಿಗಳು ಒಂದು ರಾತ್ರಿ ಕೇಳಿ, "ಪೇಟಿ ಮ್ಯಾಲ ಪುಂಗಿ ಬ್ಯಾಡ್ರಪ್ಪಾ" ಅಂದರು, ಅಲ್ಲಿಗೆ ನಿಂತಿತು. ಲಯವೂ ವರ್ಷದಿಂದ ವರ್ಷಕ್ಕೆ ಇಳಿಯಿತು, ಹಾಡುವವರಿಗೂ ವಯಸ್ಸಾಯಿತಲ್ಲ. ಅರವತ್ತು ಚಿಲ್ಲರೆ ವರ್ಷ ಬಳಸಿ ಬಳಸಿ ಧಾಟಿ ನುಣ್ಣಗಾಗಿದೆ. ಹೊಸ್ತಿಲು ಸವೆದ ಹಾಗೆ.

"ಮತ್ತ ಇನ್ನೂರು ವರ್ಷದ್ದು ಅಂತ ಯಾರ್ ಹೇಳಿದ್ರು?" ಅಂತ ಅಜ್ಜ ಕೇಳಿದ. ಹುಡುಗರು ಉತ್ತರ ಕೊಡಲಿಲ್ಲ.

ಇದನ್ನು ಕದ್ದ ಹಾಡು ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಕಡೆ ಪದ ಬೇರೆ, ಧಾಟಿ ಬೇರೆ. ಪದ ಬರೆದವರು ಧಾಟಿ ಎಲ್ಲಿಂದಲೋ ತರುತ್ತಿದ್ದರು, ತಂದದ್ದನ್ನು ಬರೆದೂ ಇಡುತ್ತಿದ್ದರು. ಕಂಪನಿ ನಾಟಕದ ಹಳೆಯ ಹಾಡಿನ ಪುಸ್ತಕ ತೆಗೆದರೂ ಹೀಗೇ, ಮೇಲೆ ಧಾಟಿ, ಕೆಳಗೆ ಹಾಡು. ಅಣ್ಣಾಸಾಹೇಬ್ ಕಿರ್ಲೋಸ್ಕರ್ 1880ರಲ್ಲಿ ಸಂಗೀತ ಶಾಕುಂತಲ ಆಡಿಸಿದ ಮೇಲೆ ಮರಾಠಿ ರಂಗದ ಮಟ್ಟುಗಳು ಉತ್ತರ ಕರ್ನಾಟಕದ ತುಂಬ ಹರಡಿದವು, ನಮ್ಮ ಕಂಪನಿಗಳು ಅದನ್ನು ಕನ್ನಡ ಮಾತಿಗೆ ಕೂರಿಸಿಕೊಂಡವು. ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುವುದಕ್ಕೆ ಆ ಕಾಲದಲ್ಲಿ ಕವರ್ ಅನ್ನುವ ಶಬ್ದವೇ ಬೇಕಿರಲಿಲ್ಲ. ಎಲ್ಲವೂ ಕವರ್ರೇ.

ಕನ್ನಡದ್ದೂ ಹೀಗೇ ಹೊರಗೆ ಹೋಗಿದೆ. 1981ರ "ಗೀತಾ" ಸಿನಿಮಾಗೆ ಇಳಯರಾಜ ಮಾಡಿದ "ಜೊತೆಯಲಿ ಜೊತೆ ಜೊತೆಯಲಿ" ನೆನಪಿದೆ ತಾನೆ? ಅದೇ ಟ್ಯೂನು ಅವರೇ 1984ರಲ್ಲಿ ತಮಿಳಿನ "ನೂರಾವದು ನಾಳ್"ಗೆ ಬಳಸಿದರು, 2007ರಲ್ಲಿ ಹಿಂದಿಯ "ಚೀನಿ ಕಮ್"ಗೂ. ನಮ್ಮ ಕೀಬೋರ್ಡ್ ಹುಡುಗ ಹಿಂದಿಯದ್ದು ಮೊದಲು ಕೇಳಿದ್ದನಂತೆ, ಆಮೇಲೆ ಶಂಕರ್ ನಾಗ್ ಹಾಡು ಕೇಳಿ "ಕಾಪಿ ಹೊಡ್ದಾರ" ಅಂದುಕೊಂಡಿದ್ದನಂತೆ. ಮೊದಲು ಕಿವಿಗೆ ಬಿದ್ದದ್ದೇ ಮೂಲ ಅನ್ನಿಸುತ್ತದೆ. ಶರೀಫರ ಪದಗಳ ಗತಿಯೂ ಅದೇ. ಶರೀಫರು ತೀರಿಕೊಂಡದ್ದು 1889ರಲ್ಲಿ. ಹಳ್ಳಿಹಳ್ಳಿಯ ಮೇಳದಲ್ಲಿ ಬೇರೆ ಬೇರೆ ಧಾಟಿ ಇದ್ದವು. ಸಿ. ಅಶ್ವಥ್ ಅವರ ಟ್ಯೂನು ಕ್ಯಾಸೆಟ್ಟಿನಲ್ಲಿ, 1990ರ ಸಿನಿಮಾದಲ್ಲಿ ಬಂದ ಮೇಲೆ ಹಳ್ಳಿಯವರೂ ಅದನ್ನೇ ಹಾಡತೊಡಗಿದರು. ಅದು ಒಳ್ಳೆಯ ಟ್ಯೂನು, ತಕರಾರಿಲ್ಲ. ಆದರೆ ಹಳೆಯ ಧಾಟಿ ಕೇಳಿದರೆ "ರಾಗ ತಪ್ಪಿತು" ಅನ್ನುವವರನ್ನು ನಾನು ನೋಡಿದ್ದೇನೆ, ಆಗ ಮಾತ್ರ ಸಿಟ್ಟು ಬರುತ್ತದೆ.

ಈಗ ಕಾನೂನು. ಹುಡುಗರ ವಾದ ಎರಡು ಇದ್ದವು. ಒಂದು, ಸಿನಿಮಾ ಬಂದು ಎಪ್ಪತ್ತು ವರ್ಷ ಆಯಿತು, ಹಕ್ಕು ಮುಗಿದಿರಬೇಕು. ಎರಡು, ಮಾತು ನಮ್ಮದು.

ಮೊದಲನೆಯದು ಅರ್ಧ ಸರಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಧ್ವನಿಮುದ್ರಣದ ಹಕ್ಕು ಹೊರಬಂದ ಮುಂದಿನ ವರ್ಷದಿಂದ 60 ವರ್ಷ. ಅಂದರೆ ನಾಗಿನ್ ಪ್ಲೇಟಿನದು 2014ಕ್ಕೆ ಮುಗಿಯಿತು. ಆದರೆ ಪ್ಲೇಟು ಬೇರೆ, ಅದರೊಳಗಿನ ಸಂಗೀತ ಬೇರೆ. ಸಂಗೀತ ರಚನೆಯ ಹಕ್ಕು ಅದನ್ನು ಮಾಡಿದವರು ತೀರಿದ ಮೇಲೆ 60 ವರ್ಷ ನಡೆಯುತ್ತದೆ. ಹೇಮಂತ್ ಕುಮಾರ್ ತೀರಿಕೊಂಡದ್ದು 1989ರಲ್ಲಿ, ಹಾಗಾಗಿ ಟ್ಯೂನು 2049ರ ಕೊನೆಯವರೆಗೂ ಹಕ್ಕಿನೊಳಗೇ ಇರುತ್ತದೆ. ಈ 60 ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ಟ್ಯಾಗೋರರ ಕೃತಿಗಳ ಹಕ್ಕು 1991ಕ್ಕೆ ಮುಗಿಯುತ್ತದೆ ಅಂತ ಗದ್ದಲವಾಗಿ ಹತ್ತು ವರ್ಷ ಜಾಸ್ತಿ ಮಾಡಿದರು. ಹೇಮಂತ್ ಕುಮಾರ್ ಬಂಗಾಳದಲ್ಲಿ ರವೀಂದ್ರ ಸಂಗೀತಕ್ಕೆ ಹೆಸರಾದವರು. ಟ್ಯಾಗೋರರ ಹಾಡಿಗಾಗಿ ಕೊಟ್ಟ ಹತ್ತು ವರ್ಷ ಈಗ ಅವರ ಹಾವಿನ ಹಾಡಿಗೂ ಸಿಕ್ಕಿದೆ.

ಎರಡನೇ ವಾದ ಕೇಳಲು ಚೆನ್ನಾಗಿದೆ, ನಿಲ್ಲುವುದಿಲ್ಲ. ಮಾತು ಬದಲಾಯಿಸಿದ್ದು ಕಷ್ಟವನ್ನು ಜಾಸ್ತಿಯೇ ಮಾಡಿತು. ಕವರ್ ಮಾಡಲು ಕಾಯ್ದೆಯಲ್ಲೇ ಒಂದು ದಾರಿ ಇದೆ. ಮೊದಲು ಅದು ಸಡಿಲ ಇತ್ತು, ಹಾಡು ಒಮ್ಮೆ ರೆಕಾರ್ಡ್ ಆಗಿ ಬಂದ ಮೇಲೆ ನೋಟಿಸು ಕೊಟ್ಟು, ರಾಯಲ್ಟಿ ಕಟ್ಟಿ ಬೇರೆಯವರ ದನಿಯಲ್ಲಿ ಹೊಸದಾಗಿ ರೆಕಾರ್ಡ್ ಮಾಡಬಹುದಿತ್ತು. 1980ರ ದಶಕದಲ್ಲಿ ಟೀ-ಸೀರೀಸ್ ಬೆಳೆದದ್ದರಲ್ಲಿ ಇಂಥ ವರ್ಷನ್ ಕ್ಯಾಸೆಟ್ಟುಗಳ ಪಾಲು ದೊಡ್ಡದು. ಅಪ್ಪನ ಅಂಗಡಿಯಲ್ಲೂ ಅವೇ ತುಂಬಿದ್ದವು. ಮನೆಗೆ ಹೋಗಿ ಕೇಳಿ ನೋಡಿ ವಾಪಸ್ ತಂದು, "ಇದು ರಫಿ ಅಲ್ಲಲ್ರೀ" ಅಂತ ಜಗಳ ಆಡುವವರು ಇದ್ದರು. ಅಪ್ಪ ಕ್ಯಾಸೆಟ್ ಹೊರಳಿಸಿ ಸಣ್ಣಕ್ಷರ ತೋರಿಸುತ್ತಿದ್ದ. 2012ರಲ್ಲಿ ಈ ದಾರಿ ಬಿಗಿಯಾಯಿತು. ಈಗ ಐದು ವರ್ಷ ಕಾಯಬೇಕು, ವರ್ಷಕ್ಕೆ ಕಮ್ಮಿ ಅಂದರೂ 50,000 ಪ್ರತಿಗಳ ರಾಯಲ್ಟಿ ಮೊದಲೇ ಕಟ್ಟಬೇಕು, ಕವರ್ ಅಂತ ಮೇಲೆ ಬರೆಯಬೇಕು, ಹಾಡನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ. ರಾಜೇಂದ್ರ ಕೃಷ್ಣರ ಮಾತು ತೆಗೆದು ಕುಂಡಲಿನಿ ಕೂರಿಸಿದರೆ ಈ ದಾರಿಯಲ್ಲಿ ಜಾಗವಿಲ್ಲ, ನೇರವಾಗಿ ಹಕ್ಕುದಾರರ ಒಪ್ಪಿಗೆಯೇ ಬೇಕು.

ಹಾಗಾದರೆ ಇಷ್ಟು ವರ್ಷ ಮಠದಲ್ಲಿ ಹಾಡಿದ್ದು ತಪ್ಪಾ? ಅಲ್ಲ. ಧಾರ್ಮಿಕ ಕಾರ್ಯದಲ್ಲಿ ಹಾಡುವುದಕ್ಕೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ, ಮದುವೆ ಮೆರವಣಿಗೆಯೂ ಅದರೊಳಗೆ ಬರುತ್ತದೆ. ಅಮಾವಾಸ್ಯೆಯ ಭಜನೆಗೂ ನಾಗಿನ್ ಡ್ಯಾನ್ಸಿಗೂ ಒಂದೇ ಸಾಲಿನಲ್ಲಿ ರಕ್ಷಣೆ. ರೆಕಾರ್ಡ್ ಮಾಡಿ ಊರಾಚೆಗೆ ಕಳಿಸಿದಾಗ ಮಾತ್ರ ಆ ಛತ್ರಿ ಇರುವುದಿಲ್ಲ.

ಕ್ಲೈಮಿಗೆ ತಕರಾರು ಹಾಕಬಹುದಿತ್ತು, ಹಾಕಿದರೆ ಎದುರಿನವರಿಗೆ ಉತ್ತರ ಕೊಡಲು 30 ದಿನ. ಪ್ಯಾಡಿನ ಹುಡುಗ ಹಾಕೇ ಬಿಡೋಣ ಅಂದ. ಬೇಡ ಅಂದವನು ನಾನೇ. ಕೆಂಪು ಶಾಯಿಯಲ್ಲಿ ಬರೆದಿಟ್ಟದ್ದನ್ನು ಇಲ್ಲ ಅಂತ ವಾದಿಸುವುದು ಹೇಗೆ? ನನ್ನ ಕಣ್ಣಿಗೆ ಇಲ್ಲಿ ತಪ್ಪಿದ್ದು ಒಂದೇ ಕಡೆ. ಗುರುಗಳು ತಲೆಯ ಮೇಲೆ ಬರೆದ ಸಾಲನ್ನು ಹುಡುಗರು ಕೆಳಗೆ ಬಿಟ್ಟರು, ಆ ಜಾಗಕ್ಕೆ "ಪುರಾತನ" ಅಂತ ಸೇರಿಸಿದರು. ವಿಡಿಯೋ ಹಾಗೇ ಬಿಟ್ಟೆವು. ಬರುವ ನಾಲ್ಕು ಕಾಸು ಕಂಪನಿಗೆ ಹೋಗಲಿ, ಅಜ್ಜನ ದನಿ ಉಳಿಯುತ್ತದೆ. ಕೆಳಗಿನ ವಿವರಣೆಯಲ್ಲಿ ಇನ್ನೂರು ವರ್ಷ ಅಳಿಸಿ, ಪುಸ್ತಕದಲ್ಲಿ ಇದ್ದ ಹಾಗೇ ಹಾಕಿದೆವು. ಧಾಟಿ: ಮನ ಡೋಲೇ. ಸಂಗೀತ: ಹೇಮಂತ್ ಕುಮಾರ್. ಇದರಿಂದ ಹಕ್ಕು ಸಿಗುವುದಿಲ್ಲ, ಅದು ಗೊತ್ತಿದ್ದೇ ಹಾಕಿದ್ದು.

ಪ್ರಕರಣ ಇಲ್ಲಿಗೇ ಮುಗಿಯಬೇಕಿತ್ತು. ನಾನು ಎದ್ದು ಚಪ್ಪಲಿ ಮೆಟ್ಟುವಾಗ ಅಜ್ಜ ಸುಮ್ನೆ ಇನ್ನೊಂದು ಮಾತು ಅಂದ. ಈ ಪದಕ್ಕೆ ಮೊದಲು ಬೇರೆ ಧಾಟಿ ಇತ್ತು, ಗುರುಗಳ ತಾಯಿ ಬೀಸುವಾಗ ಹಾಡುತ್ತಿದ್ದರು, ಮಾತೂ ಸ್ವಲ್ಪ ಬೇರೆ ಇತ್ತು, "ಏಳೋ ಹುತ್ತದ ಹಾವೇ" ಅಂತ. ನಾಗಿನ್ ಧಾಟಿಗೆ ಕೂರಿಸಲು ಗುರುಗಳೇ ತಿದ್ದಿ "ಎದ್ದಾಡೋ" ಮಾಡಿದರು. ನಾನು ಚಪ್ಪಲಿ ಬಿಚ್ಚಿದೆ. ಹಾಡ್ರಿ ಅಜ್ಜಾರ ಅಂದೆ. ಎರಡು ನುಡಿ ನೆನಪಿತ್ತು. ಬೀಸುಕಲ್ಲಿನ ಸುತ್ತಿಗೆ ತಕ್ಕ ಹಾಗೆ ಪ್ರತಿ ಸಾಲಿನ ಕೊನೆಗೆ ಒಂದು ಎಳೆತ, ಉಸಿರು ತೆಗೆದುಕೊಳ್ಳುವ ಜಾಗ. ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡೆ, ಹಿಂದೆ ಕೋಳಿ ಕೂಗುವುದೂ ಅದರಲ್ಲಿದೆ.

ಹುಡುಗರು ಖುಷಿಯಾದರು. ಇದು ನಿಜವಾಗಿಯೂ ನಮ್ಮದು, ಇದಕ್ಕೆ ಯಾರೂ ಕ್ಲೈಮ್ ಹಾಕುವುದಿಲ್ಲ ಅಂತ ಆ ಧಾಟಿಯಲ್ಲೇ ಪೂರ್ತಿ ಪದ ಕಲಿತು ಮುಂದಿನ ಅಮಾವಾಸ್ಯೆಗೆ ಮಠದಲ್ಲಿ ಹಾಡಿದರು. ನಾನೂ ಹೋಗಿದ್ದೆ. ಜನ ಮರ್ಯಾದೆಗೆ ಕೇಳಿದರು. ಮುಗಿದ ಮೇಲೆ ಹಿಂದಿನಿಂದ ಒಬ್ಬ ಹೆಣ್ಣುಮಗಳು, "ಇರ್ಲಿ ಬಿಡ್ರಿ, ಈಗ ನಮ್ಮ ಹಳೀ ಧಾಟಿಗೆ ಹಾಡ್ರಿ" ಅಂದಳು. ಹಳೆಯದು ಅಂದರೆ ಯಾವುದು ಅಂತ ಯಾರೂ ಕೇಳಲಿಲ್ಲ. ಅಜ್ಜ ದನಿ ತೆಗೆದ, "ಎದ್ದಾಡೋ" ಅಂದದ್ದೇ ತಡ ಇಡೀ ಮಠ ಹಿಂದೆ ಬಿತ್ತು. ನಿಜ ಹೇಳಬೇಕಂದರೆ ನನಗೂ ಆ ಪದ ಆ ಧಾಟಿಯಲ್ಲೇ ಚೆಂದ. ಸ್ವಾಮಿಗಳು ಅವತ್ತು ಬೇರೆ ಊರಿಗೆ ಹೋಗಿದ್ದರು. ಮೂರನೇ ನುಡಿ ಮುಗಿದು ಹಾಡುವವರು ಉಸಿರು ತೆಗೆದುಕೊಳ್ಳುವಾಗ ಪೇಟಿಯವನು ಒಂದು ಸಲ ಆಚೆ ಈಚೆ ನೋಡಿದ, ಆಮೇಲೆ ಮೆಲ್ಲಗೆ ಪುಂಗಿ ಬಿಟ್ಟ.